ವಿಮರ್ಶಕರಿಗೆ ಗೇಮ್ ಸಿನಿಮಾ ಅಂದರೆ ಅಲರ್ಜಿಯೇ?

ಪ್ರಶ್ನೆ: ಚಿಕ್ಕಂದಿನಿಂದ ವಿಡಿಯೊ ಗೇಮ್ ಆಡಿಕೊಂಡೇ ಬೆಳೆದವನು ನಾನು. ಗೇಮ್ ಆಧರಿಸಿದ ಸಿನಿಮಾ ಬಂದಾಗಲೆಲ್ಲ ವಿಮರ್ಶಕರು ಬೈಯುತ್ತಾರೆ, ಜನ ಮುಗಿಬಿದ್ದು ನೋಡುತ್ತಾರೆ. 2023ರ ಮಾರಿಯೊ, 2025ರ ಮೈನ್‌ಕ್ರಾಫ್ಟ್ ಎರಡಕ್ಕೂ ಹೀಗೇ ಆಯಿತು. ಕಾಮಿಕ್ಸ್‌ನಿಂದ ಬಂದ ಸಿನಿಮಾ ಹೊಗಳುವವರು ಗೇಮಿನಿಂದ ಬಂದದ್ದನ್ನು ನೋಡುವ ಮೊದಲೇ ತೀರ್ಪು ಬರೆದಿಟ್ಟಿರುತ್ತಾರೆ ಅನ್ನಿಸುತ್ತದೆ. ಇದು ಪೂರ್ವಗ್ರಹವಲ್ಲವೇ? ಹೌದಾದರೆ ಇಂಥ ಸಿನಿಮಾಗಳ ವಿಷಯದಲ್ಲಿ ಅವರ ಮಾತನ್ನು ಎಷ್ಟು ನಂಬಬೇಕು?

ಉತ್ತರ: ಮೊದಲು ಒಂದು ತಪ್ಪೊಪ್ಪಿಗೆ. ಸಿನಿಮಾ ವಿಮರ್ಶೆ ಬರೆಯಲು ಶುರುಮಾಡಿದ ಹೊಸತರಲ್ಲಿ ಒಂದು ಆಕ್ಷನ್ ಚಿತ್ರದ ಬಗ್ಗೆ 'ನೋಡುತ್ತಿರುವುದು ಸಿನಿಮಾನೋ ವಿಡಿಯೊ ಗೇಮೋ ಗೊತ್ತಾಗಲಿಲ್ಲ' ಎಂದು ಬರೆದಿದ್ದೆ. ಬೈಗುಳ ಅಂದುಕೊಂಡೇ ಬರೆದದ್ದು. ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ ಕೂಡ. ವಾರದೊಳಗೆ ಓದುಗರೊಬ್ಬರಿಂದ ಒಂದೇ ಸಾಲಿನ ಪತ್ರ ಬಂತು: 'ಯಾವ ಗೇಮ್, ಸಾರ್?' ನನ್ನಲ್ಲಿ ಉತ್ತರವಿರಲಿಲ್ಲ. ಆ ಹೊತ್ತಿಗೆ ನಾನು ಆಡಿದ್ದ ಗೇಮುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು, ಅದರಲ್ಲೊಂದು ಟೆಟ್ರಿಸ್. ಆ ಸಿನಿಮಾ ಟೆಟ್ರಿಸ್‌ನ ಹಾಗಂತೂ ಇರಲಿಲ್ಲ.

ಹಾಗಾಗಿ ನಿಮ್ಮ ಅನುಮಾನ ಪೂರ್ತಿ ಸುಳ್ಳು ಎಂದು ಹೇಳುವ ಮುಖ ನನಗಿಲ್ಲ. ಪೂರ್ವಗ್ರಹ ಇತ್ತು, ಒಂದಿಷ್ಟು ಈಗಲೂ ಉಳಿದಿದೆ. ಆದರೆ ವಿಮರ್ಶಕರ ಅಂಕ ಕಡಿಮೆ, ಜನರ ಅಂಕ ಹೆಚ್ಚು ಎಂದು ನೀವು ತೋರಿಸುತ್ತಿರುವ ಅಂತರ ಅದಕ್ಕೆ ಸಾಕ್ಷಿಯಾಗುವುದಿಲ್ಲ. ಆ ಅಂತರ ಅಳೆಯುವುದು ಬೇರೆ ಏನನ್ನೋ. ಇನ್ನೊಂದು ಮಾತು: ಗೇಮುಗಳ ಬಗ್ಗೆ ನಿಜವಾದ ತಾತ್ಸಾರ ತುಂಬಿ ತುಳುಕುತ್ತಿದ್ದ ಜಾಗ ಪತ್ರಿಕಾ ಕಚೇರಿಗಳಲ್ಲ, ಆ ಸಿನಿಮಾಗಳನ್ನೇ ಮಾಡಿದ ಸ್ಟುಡಿಯೊಗಳು. ಎರಡನ್ನೂ ಬಿಡಿಸಿ ಹೇಳುತ್ತೇನೆ.

ಗೇಮರ್‌ಗಳ ಪಾಲಿಗೆ ಖಳನಾಯಕ ಎನಿಸಿಕೊಂಡ ವಿಮರ್ಶಕ ಒಬ್ಬರಿದ್ದರೆ ಅದು ಅಮೆರಿಕದ ರೋಜರ್ ಈಬರ್ಟ್. ವಿಡಿಯೊ ಗೇಮುಗಳು ಎಂದಿಗೂ ಕಲೆಯಾಗಲಾರವು ಎಂದು ಅವರು 2010ರ ಏಪ್ರಿಲ್‌ನಲ್ಲಿ ಬರೆದಾಗ ಎದ್ದ ಗಲಾಟೆ ಅಷ್ಟಿಷ್ಟಲ್ಲ. ಜಗಳದ ಬೀಜ ಬಿದ್ದದ್ದು ಇನ್ನೂ ಹಿಂದೆ, 2005ರಲ್ಲಿ. ಅದೇ ಹೆಸರಿನ ಗೇಮ್ ಆಧರಿಸಿದ 'ಡೂಮ್' ಚಿತ್ರಕ್ಕೆ ಒಂದೇ ನಕ್ಷತ್ರ ಕೊಟ್ಟು, ಆ ಮೇಲಿನ ವಾದದಲ್ಲಿ ಗೇಮ್ ಎಂಬ ಮಾಧ್ಯಮವೇ ಸಿನಿಮಾ, ಸಾಹಿತ್ಯಗಳಿಗಿಂತ ಕೆಳಗಿನದು ಎಂದಿದ್ದರು. ಪೂರ್ವಗ್ರಹ ಎಂದರೆ ಇದೇ ತಾನೇ? ಈಗ ಅವರ ಹಳೆಯ ಕಡತ ತೆಗೆದು ನೋಡಿ. 2001ರಲ್ಲಿ ಆಂಜೆಲಿನಾ ಜೋಲಿಯ 'ಲಾರಾ ಕ್ರಾಫ್ಟ್: ಟೂಂಬ್ ರೈಡರ್' ಬಂದಾಗ ಹೆಚ್ಚಿನವರು ಅದನ್ನು ತರಾಟೆಗೆ ತೆಗೆದುಕೊಂಡರೆ ಈಬರ್ಟ್ ನಾಲ್ಕಕ್ಕೆ ಮೂರು ನಕ್ಷತ್ರ ಕೊಟ್ಟರು. ಅದೇ ವರ್ಷದ 'ಫೈನಲ್ ಫ್ಯಾಂಟಸಿ: ದಿ ಸ್ಪಿರಿಟ್ಸ್ ವಿದಿನ್' ಎಂಬ ಅನಿಮೇಷನ್ ಚಿತ್ರಕ್ಕೆ ಮೂರೂವರೆ. ಜನ ನೋಡದೆ ಹೋಗಿ ನಿರ್ಮಾಪಕರಿಗೆ ಭಾರಿ ಕೈಕೊಟ್ಟ ಸಿನಿಮಾ ಅದು. ಅಷ್ಟೇ ಅಲ್ಲ, 1994ರಲ್ಲಿ ಈ ಮನುಷ್ಯ ಜಪಾನಿನ ಕ್ಯೋತೋ ನಗರದ ಪುರಾಣಲೋಕದಲ್ಲಿ ಅಲೆಯುವ ಒಂದು ಕಂಪ್ಯೂಟರ್ ಗೇಮನ್ನು ಮನಸಾರೆ ಮೆಚ್ಚಿ ಲೇಖನವನ್ನೇ ಬರೆದಿದ್ದರು!

ಅಂದರೆ ಗೇಮ್ ಎಂಬ ಮಾಧ್ಯಮದ ಬಗ್ಗೆ ಅಷ್ಟು ಕಟುವಾಗಿ ಮಾತಾಡಿದವರಿಗೂ ಥಿಯೇಟರಿನ ಕತ್ತಲಲ್ಲಿ ಕೂತಾಗ ಎದುರಿಗಿರುವುದು ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನಲು ಅಡ್ಡಿಯಾಗಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತೇವಲ್ಲ, ಇಲ್ಲಿ ಹಾಗಾಗಲಿಲ್ಲ. 2010ರ ಜುಲೈನಲ್ಲಿ, ಆಡದೇ ತೀರ್ಪು ಕೊಡಬಾರದಿತ್ತು ಎಂದು ಅವರೇ ಒಂದು ಹೆಜ್ಜೆ ಹಿಂದೆ ಸರಿದರು. ನನಗಿಂತ ದೊಡ್ಡವರು ನನ್ನದೇ ತಪ್ಪು ಮಾಡಿದ್ದರು ಎಂಬುದು ಒಂದು ಸಮಾಧಾನ.

ಇನ್ನು ಅಂಕಗಳ ವಿಷಯ. ವಿಮರ್ಶೆಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕುವ ರಾಟನ್ ಟೊಮ್ಯಾಟೋಸ್ ಜಾಲತಾಣದಲ್ಲಿ ಮಾರಿಯೊ ಚಿತ್ರಕ್ಕೆ 59 ಶೇಕಡಾ ಎಂದು ಕಂಡಾಗ ನಮ್ಮ ತಲೆ ತಾನಾಗಿಯೇ ಅದನ್ನು ಪರೀಕ್ಷೆಯ ಅಂಕವಾಗಿ ಓದಿಬಿಡುತ್ತದೆ: ನೂರಕ್ಕೆ ಐವತ್ತೊಂಬತ್ತು. ಅದು ಹಾಗಲ್ಲ. ನೂರು ವಿಮರ್ಶಕರಲ್ಲಿ 59 ಮಂದಿ 'ಪರವಾಗಿಲ್ಲ, ನೋಡಬಹುದು' ಎಂದಿದ್ದಾರೆ ಎಂದು ಅದರ ಅರ್ಥ. ಹತ್ತು ಜನ ವಿಮರ್ಶಕರೂ ಒಂದು ಸಿನಿಮಾಕ್ಕೆ ಹತ್ತಕ್ಕೆ ಆರು ಕೊಟ್ಟರೆ ಅದಕ್ಕೆ ಬರುವುದು 100 ಶೇಕಡಾ. ಇನ್ನೊಂದು ಸಿನಿಮಾಕ್ಕೆ ಐದು ಜನ ಹತ್ತಕ್ಕೆ ಹತ್ತು, ಉಳಿದ ಐದು ಜನ ಹತ್ತಕ್ಕೆ ಐದು ಕೊಟ್ಟರೆ ಸರಾಸರಿ ಏಳೂವರೆ, ಆದರೆ ಪಟ್ಟಿಯಲ್ಲಿ ಬರುವುದು 50. ಮೊದಲನೆಯದಕ್ಕೆ ಕೆಂಪು ಟೊಮ್ಯಾಟೊ, ಎರಡನೆಯದಕ್ಕೆ ಹಸಿರು ಕಲೆ. 60ರ ಗೆರೆಯ ಆಚೆ ಈಚೆ ಅಷ್ಟೇ ವ್ಯತ್ಯಾಸ. ಮಾರಿಯೊ ಆ ಗೆರೆಗೆ ಒಂದೇ ಒಂದು ಮೆಟ್ಟಿಲು ಕೆಳಗೆ ನಿಂತಿತು. 136 ಕೋಟಿ ಡಾಲರ್ ಗಳಿಸಿದ ಚಿತ್ರವನ್ನು ವಿಮರ್ಶಕರು ಬೈದರು ಎಂದು ನೀವು ಹೇಳುತ್ತೀರಿ. ನಿಜ ಏನೆಂದರೆ ಅರ್ಧಕ್ಕಿಂತ ಹೆಚ್ಚು ವಿಮರ್ಶಕರು ನಿಮ್ಮ ಪಕ್ಷದಲ್ಲೇ ಇದ್ದರು.

ಗೇಮರ್‌ಗಳಿಗೆ ಇದು ಇನ್ನಷ್ಟು ಕಹಿಯಾಗಿ ಕಾಣಲು ಒಂದು ಕಾರಣವಿದೆ, ಇದನ್ನು ಯಾರೂ ಹೇಳುವುದಿಲ್ಲ. ಗೇಮ್ ವಿಮರ್ಶೆಗಳ ಅಳತೆಗೋಲೇ ಬೇರೆ. ಅಲ್ಲಿ ದೊಡ್ಡ ಕಂಪನಿಯ ಗೇಮ್‌ಗೆ ಹತ್ತಕ್ಕೆ ಏಳು ಬಂದರೆ 'ಸುಮಾರಾಗಿದೆ' ಎಂದರ್ಥ, ಆರು ಬಂದರೆ ಕೊಳ್ಳುವ ಮೊದಲು ಎರಡು ಸಲ ಯೋಚಿಸುತ್ತೀರಿ. ಸಿನಿಮಾ ವಿಮರ್ಶಕರು ಅಳತೆಗೋಲಿನ ಪೂರ್ತಿ ಉದ್ದ ಬಳಸುವವರು. ಐದು ಎಂದರೆ ನಿಜವಾಗಿ ನಡುಮಧ್ಯ. ಒಂದರ ಗೋಲು ಹಿಡಿದು ಇನ್ನೊಂದನ್ನು ಅಳೆದರೆ ಎಲ್ಲವೂ ದ್ವೇಷದಂತೆ ಕಾಣುತ್ತದೆ.

ಸರಿ, ಅಂಕದ ಲೆಕ್ಕ ಬಿಟ್ಟರೂ ಅಂತರ ಉಳಿಯುತ್ತದೆ. ಮೈನ್‌ಕ್ರಾಫ್ಟ್ ಚಿತ್ರಕ್ಕೆ ವಿಮರ್ಶಕರ ಬಳಿ ಅರ್ಧದಷ್ಟೂ ಮೆಚ್ಚುಗೆ ಸಿಗಲಿಲ್ಲ, ಪ್ರೇಕ್ಷಕರ ಬಳಿ 80 ದಾಟಿತು. ಯಾಕೆ? ಇದಕ್ಕೆ ಒಂದೇ ದೃಶ್ಯ ಸಾಕು.

ಕುಸ್ತಿ ಅಖಾಡದಂಥ ಒಂದು ಕಟ್ಟೆ. ಜೇಸನ್ ಮೊಮೊವಾನ ಪಾತ್ರ ಎದುರಾಳಿಗಾಗಿ ಕಾದು ನಿಂತಿದೆ. ಪೆಟ್ಟಿಗೆಯೊಂದರಿಂದ ಹೊರಬರುವುದು ಚೌಕ ತಲೆಯ ಒಂದು ಕೋಳಿ. ಅಷ್ಟೇನಾ ಎನ್ನುವಷ್ಟರಲ್ಲಿ ಮೇಲಿನಿಂದ ಒಂದು ಮರಿ ಜಾಂಬಿ ಬಿದ್ದು ಕೋಳಿಯ ಬೆನ್ನೇರಿ ಕೂರುತ್ತದೆ. ಪಕ್ಕದಿಂದ ಜ್ಯಾಕ್ ಬ್ಲ್ಯಾಕ್ ಕಿರುಚುತ್ತಾನೆ: 'ಚಿಕನ್ ಜಾಕಿ!' ದೃಶ್ಯದಲ್ಲಿರುವುದು ಇಷ್ಟೇ. ಗೇಮ್ ಆಡದ ವಿಮರ್ಶಕನೊಬ್ಬ ಪತ್ರಕರ್ತರ ಪ್ರದರ್ಶನದಲ್ಲಿ, ಪೆನ್ನು ಕೈಯಲ್ಲಿ ಹಿಡಿದು, ಅರ್ಧ ಖಾಲಿ ಸಭಾಂಗಣದಲ್ಲಿ ಇದನ್ನು ನೋಡುತ್ತಾನೆ ಎಂದುಕೊಳ್ಳಿ. ಅವನಿಗೆ ಕಾಣುವುದು ಕೋಳಿಯ ಮೇಲೆ ಕೂತ ಒಂದು ಹಸಿರು ಗೊಂಬೆ, ಅದರ ಹೆಸರನ್ನು ಗಂಟಲು ಹರಿಯುವಂತೆ ಕೂಗುವ ನಟ. ಇದರಲ್ಲಿ ನಗುವಂಥದ್ದೇನು ಎಂದು ಅವನಿಗೆ ಹೊಳೆಯುವುದೇ ಇಲ್ಲ. ಅದೇ ದೃಶ್ಯಕ್ಕೆ ಬಿಡುಗಡೆಯ ನಂತರ ಥಿಯೇಟರ್‌ಗಳಲ್ಲಿ ಹುಡುಗರು ಎದ್ದು ನಿಂತು ಕೂಗಿದರು, ಪಾಪ್‌ಕಾರ್ನ್ ಎರಚಾಡಿದರು, ಒಂದು ಕಡೆ ಜೀವಂತ ಕೋಳಿಯನ್ನೇ ಒಳಗೆ ತಂದಿದ್ದರು. ಕೆಲವು ಥಿಯೇಟರ್‌ಗಳು ಎಚ್ಚರಿಕೆಯ ಬೋರ್ಡು ಹಾಕಬೇಕಾಯಿತು.

ಮೈನ್‌ಕ್ರಾಫ್ಟ್ ಆಡಿದವರಿಗೆ ಗೊತ್ತು: ಕೋಳಿ ಸವಾರಿ ಮಾಡುವ ಮರಿ ಜಾಂಬಿ ಆ ಗೇಮಿನಲ್ಲಿ ಅಪರೂಪಕ್ಕೆ ಎದುರಾಗುವಂಥದ್ದು. ಯಾವುದೋ ರಾತ್ರಿ, ಹೋಮ್‌ವರ್ಕ್ ಬಿಟ್ಟು ಆಡುತ್ತಿದ್ದಾಗ ಒಮ್ಮೆ ಕಂಡು, ಬೆಚ್ಚಿಬಿದ್ದು, ಮರುದಿನ ಸ್ನೇಹಿತರಿಗೆ ಹೇಳಿದರೆ ಯಾರೂ ನಂಬದ ಪ್ರಾಣಿ. ಅದು ಈಗ ಅಷ್ಟು ದೊಡ್ಡ ಪರದೆಯ ಮೇಲಿದೆ, ದೊಡ್ಡ ನಟನೊಬ್ಬ ಅದರ ಹೆಸರು ಕೂಗುತ್ತಿದ್ದಾನೆ. ಆ ಹುಡುಗ ಎದ್ದು ಕೂಗಿದ್ದು ಸಿನಿಮಾಕ್ಕಲ್ಲ, ತನ್ನ ಆ ರಾತ್ರಿಗೆ. ಅಭಿಮಾನಿ ಅಂಕ ಕೊಡುವುದು ಪರದೆಯ ಮೇಲಿನ ಒಂದೂಮುಕ್ಕಾಲು ಗಂಟೆಗೆ ಮಾತ್ರವಲ್ಲ, ತಾನು ಕೈಯಾರೆ ಕಳೆದ ನೂರಾರು ಗಂಟೆಗಳನ್ನೂ ಸೇರಿಸಿಕೊಂಡು ಕೊಡುತ್ತಾನೆ. ವಿಮರ್ಶಕನ ಬಳಿ ಇರುವುದು ಬರೀ ಒಂದೂಮುಕ್ಕಾಲು ಗಂಟೆ. ನೀವು ತೋರಿಸುವ ಅಂತರದ ದೊಡ್ಡ ಪಾಲು ಈ ನೆನಪಿನ ಅಂತರ.

ಇದರ ಜತೆಗೆ ಇನ್ನೊಂದು ಸಣ್ಣ ಸಂಗತಿ. ವಿಮರ್ಶಕನಿಗೆ ಆಯ್ಕೆ ಕಡಿಮೆ, ಆ ವಾರ ಬಂದದ್ದನ್ನು ನೋಡಬೇಕು. ಪ್ರೇಕ್ಷಕ ತಾನೇ ಇಷ್ಟಪಟ್ಟು ದುಡ್ಡು ಕೊಟ್ಟು ಹೋದವನು. 2023ರ 'ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್' ಚಿತ್ರವನ್ನು ಮೊದಲ ದಿನವೇ ನೋಡಲು ಹೋದವರಲ್ಲಿ ಆ ಗೇಮ್ ಕಂಡರಾಗದವರು ಎಷ್ಟು ಜನ ಇದ್ದಿರಬಹುದು? ಮದುವೆಮನೆಯಲ್ಲಿ ಮದುಮಗಳ ಕಡೆಯವರನ್ನೇ ನಿಲ್ಲಿಸಿ ಹುಡುಗಿ ಹೇಗಿದ್ದಾಳೆ ಎಂದು ಕೇಳಿದ ಹಾಗೆ. ಹಾರರ್, ಮಕ್ಕಳ ಸಿನಿಮಾ, ಧಾರ್ಮಿಕ ಚಿತ್ರಗಳು, ಎಲ್ಲದರಲ್ಲೂ ಇದೇ ಅಂತರ ಕಾಣುತ್ತದೆ. ಗೇಮ್‌ಗಳಿಗೇ ಮೀಸಲಾದ ಶಾಪವೇನಲ್ಲ.

ಈ ಅಂತರ ತಲೆಕೆಳಗಾಗುವುದೂ ಉಂಟು, ಆಗ ಮಾತ್ರ ಯಾರೂ ಪೂರ್ವಗ್ರಹದ ಮಾತೆತ್ತುವುದಿಲ್ಲ. ಗೇಮ್ ಆಧರಿಸಿದ 'ದಿ ಲಾಸ್ಟ್ ಆಫ್ ಅಸ್' ಟಿವಿ ಸರಣಿಯ ಎರಡನೇ ಸೀಸನ್ 2025ರಲ್ಲಿ ಬಂದಾಗ ವಿಮರ್ಶಕರ ಮೆಚ್ಚುಗೆ 90ರ ಮೇಲಿತ್ತು, ಪ್ರೇಕ್ಷಕರ ಅಂಕ ಅದರ ಅರ್ಧವನ್ನೂ ಮುಟ್ಟಲಿಲ್ಲ. ಮೂಲ ಗೇಮಿನ ಎರಡನೇ ಭಾಗ 2020ರಲ್ಲಿ ಬಂದಾಗಲೂ ಇದೇ ಕಥೆ: ಗೇಮ್ ವಿಮರ್ಶಕರು ಹಾಡಿಹೊಗಳಿದರು, ಬಳಕೆದಾರರು ಗುಂಪುಗುಂಪಾಗಿ ಬಂದು ಸೊನ್ನೆ ಸುತ್ತಿ ಹೋದರು. ಪೂರ್ತಿ ಆಡಿ ಮುಗಿಸಲು ಬೇಕಾದಷ್ಟು ಹೊತ್ತೂ ಕಳೆದಿರಲಿಲ್ಲ! ಪ್ರೀತಿಯ ನೆನಪು ಅಂಕ ಏರಿಸುತ್ತದೆ, ಗಾಯವಾದ ನೆನಪು ಇಳಿಸುತ್ತದೆ.

ಈಗ ಆ ಇನ್ನೊಂದು ಮಾತು, ತಾತ್ಸಾರ ಎಲ್ಲಿತ್ತು ಎಂಬುದು. 1993ರ 'ಸೂಪರ್ ಮಾರಿಯೊ ಬ್ರದರ್ಸ್' ಚಿತ್ರವನ್ನು ನೀವು ನೋಡಿರಲಿಕ್ಕಿಲ್ಲ, ನೋಡಿದ್ದರೆ ಈ ಪ್ರಶ್ನೆಯನ್ನು ಇಷ್ಟು ಕೋಪದಿಂದ ಕೇಳುತ್ತಿರಲಿಲ್ಲ. ಬಣ್ಣಬಣ್ಣದ ಅಣಬೆ, ಮೋಡ, ಕೊಳವೆಗಳ ಲೋಕವನ್ನು ತೆಗೆದುಕೊಂಡು ಅವರು ಮಾಡಿದ್ದು ಡೈನೋಸಾರ್‌ಗಳಿಂದ ವಿಕಾಸವಾದ ಜನರಿರುವ ಒಂದು ಕತ್ತಲ, ಕೊಳಕು ಮಹಾನಗರ. ಬೆನ್ನ ಮೇಲೆ ಮುಳ್ಳುಚಿಪ್ಪು ಹೊತ್ತ ಖಳ ಇಲ್ಲಿ ಸೂಟು ತೊಟ್ಟ ಡೆನಿಸ್ ಹಾಪರ್. ಪುಟ್ಟ ಅಣಬೆಯಂತಿರುವ ಗೂಂಬಾಗಳು ದೈತ್ಯ ಮೈ, ಮುಷ್ಟಿಗಾತ್ರದ ತಲೆಯ ಪ್ರಾಣಿಗಳಾದವು. ಮಾರಿಯೊ ಪಾತ್ರ ಮಾಡಿದ ಬಾಬ್ ಹಾಸ್ಕಿನ್ಸ್ ಅಂಥ ಒಳ್ಳೆಯ ನಟ, ತನ್ನ ಬದುಕಿನ ಅತಿ ಕೆಟ್ಟ ಕೆಲಸ ಇದೇ ಎಂದು 2007ರ ಸಂದರ್ಶನವೊಂದರಲ್ಲಿ ಹೇಳಿಕೊಂಡರು. ವಿಮರ್ಶಕರು ಬೈದರು, ಜನವೂ ಬರಲಿಲ್ಲ. ಇಲ್ಲಿ ಗೇಮನ್ನು ಕೀಳಾಗಿ ಕಂಡವರು ಯಾರು? 'ಇದರಲ್ಲಿ ಕಥೆಯೇ ಇಲ್ಲ, ಹೆಸರು ಸಾಕು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ' ಎಂಬ ಧೋರಣೆಯೇ ಫ್ರೇಮು ಫ್ರೇಮಿನಲ್ಲೂ ಕಾಣುತ್ತದೆ.

ಆಮೇಲಿನ ಹದಿನೈದು ವರ್ಷ ಇದೇ ಧೋರಣೆಯ ನಾನಾ ಅವತಾರಗಳು. 'ಡೂಮ್' ಗೇಮ್ ಎಂದರೆ ಮಂಗಳ ಗ್ರಹದಲ್ಲಿ ನರಕದ ಬಾಗಿಲು ತೆರೆದು ರಾಕ್ಷಸರು ಹೊರಬೀಳುವುದು. ಸಿನಿಮಾದವರಿಗೆ ನರಕ ಬೇಡವಾಯಿತು. ಅದರ ಬದಲು ವರ್ಣತಂತುವಿನ ಪ್ರಯೋಗ ಎಡವಟ್ಟಾದ ಕಥೆ ತಂದಿಟ್ಟರು. ಜರ್ಮನಿಯ ಊವೆ ಬೋಲ್ ಎಂಬ ನಿರ್ದೇಶಕರಂತೂ ಸಾಲುಸಾಲಾಗಿ ಗೇಮ್ ಹೆಸರುಗಳನ್ನು ಕೊಂಡು ಸಿನಿಮಾ ಮಾಡಿದರು. ಆಗ ಜರ್ಮನಿಯಲ್ಲಿ ಚಿತ್ರಕ್ಕೆ ಹಾಕಿದ ಹಣಕ್ಕೆ ಸಿಗುತ್ತಿದ್ದ ತೆರಿಗೆ ವಿನಾಯಿತಿ ಇದಕ್ಕೆ ಗೊಬ್ಬರವಾಯಿತು. ಅವರ 2003ರ 'ಹೌಸ್ ಆಫ್ ದಿ ಡೆಡ್'ನಲ್ಲಿ ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಗೇಮಿನ ತುಣುಕುಗಳನ್ನೇ ಹಸಿಹಸಿಯಾಗಿ ಅಂಟಿಸಿದ್ದಾರೆ. ನಟ ಗುಂಡು ಹಾರಿಸುತ್ತಾನೆ, ತಟ್ಟನೆ ಹಳೆಯ ಆರ್ಕೇಡ್ ಯಂತ್ರದ ಚಿತ್ರ, ಮತ್ತೆ ನಟ. 2005ರ 'ಅಲೋನ್ ಇನ್ ದ ಡಾರ್ಕ್'ಗೆ ನೂರರಲ್ಲಿ ಒಬ್ಬ ವಿಮರ್ಶಕ ಒಪ್ಪಿಗೆ ಕೊಟ್ಟಿದ್ದರೆ ಹೆಚ್ಚು. ಪ್ರೇಕ್ಷಕರ ತೀರ್ಪೂ ಅದೇ. 2006ರಲ್ಲಿ ಬೋಲ್ ತಮ್ಮನ್ನು ಟೀಕಿಸಿದ ಕೆಲವರನ್ನು ಬಾಕ್ಸಿಂಗ್ ರಿಂಗಿಗೆ ಕರೆದು ಗುದ್ದಿ ಕೆಡವಿದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ನೋಡುಗರಿಗೇ ಗುದ್ದಿದರು.

ಇಷ್ಟು ವರ್ಷ ಇಂಥದ್ದೇ ಬಡಿಸಿದ ಮೇಲೆ ಎಲೆ ಮುಂದೆ ಕೂತವನಿಗೆ ಹಸಿವು ಸಾಯುವುದು ಸಹಜ. ಅದನ್ನು ಪೂರ್ವಗ್ರಹ ಎನ್ನುತ್ತೀರೋ ಅನುಭವ ಎನ್ನುತ್ತೀರೋ ನಿಮಗೆ ಬಿಟ್ಟದ್ದು.

ಆದರೆ ಎಲ್ಲಾ ಸೋಲಿಗೂ ತಾತ್ಸಾರವೇ ಕಾರಣವಲ್ಲ, ಹಾಗೆಂದರೆ ಸುಳ್ಳಾಗುತ್ತದೆ. 2016ರ 'ವಾರ್‌ಕ್ರಾಫ್ಟ್' ನಿರ್ದೇಶಿಸಿದ ಡಂಕನ್ ಜೋನ್ಸ್ ಆ ಗೇಮನ್ನು ಸ್ವತಃ ಆಡುವವರು, ಪ್ರೀತಿಸುವವರು. ಅದೇ ವರ್ಷದ 'ಅಸ್ಯಾಸಿನ್ಸ್ ಕ್ರೀಡ್'ನಲ್ಲಿ ಗೇಮ್ ಕಂಪನಿಯೇ ನಿರ್ಮಾಣದಲ್ಲಿ ಕೈಯಿಟ್ಟಿತ್ತು, ಮೈಕೆಲ್ ಫಾಸ್‌ಬೆಂಡರ್‌ನಂಥ ನಟನಿದ್ದ. ಎರಡೂ ಮುಗ್ಗರಿಸಿದವು. ಪ್ರೀತಿ ಇದ್ದರೆ ಸಾಲದು, ಏನು ಕಳೆದುಹೋಗುತ್ತದೆ ಎಂಬ ಅರಿವೂ ಬೇಕು. ಗೇಮ್ ಸಿನಿಮಾ ಆಗುವಾಗ ಕಳೆದುಹೋಗುವುದು ಒಂದೇ, ಆದರೆ ಅದೇ ಅದರ ಪ್ರಾಣ: ನಿಮ್ಮ ಕೈ. 'ಡೂಮ್' ಚಿತ್ರದ ಕೊನೆಯ ಹೊತ್ತಿಗೆ ಸುಮಾರು ಐದು ನಿಮಿಷ ಕ್ಯಾಮೆರಾ ನಾಯಕನ ಕಣ್ಣಾಗುತ್ತದೆ. ಪರದೆಯ ಕೆಳಗೆ ಬಂದೂಕಿನ ನಳಿಗೆ, ಎದುರಿಗೆ ಕಾರಿಡಾರ್, ಥೇಟ್ ಗೇಮಿನ ಹಾಗೆಯೇ. ಗೇಮಿನಲ್ಲಿ ಆ ತಿರುವಿನ ಹತ್ತಿರ ಬಂದಾಗ ನನ್ನ ಹೆಬ್ಬೆರಳು ಬೆವರುತ್ತದೆ, ಯಾಕೆಂದರೆ ತಿರುಗಬೇಕಾದವನು ನಾನು. ಇಲ್ಲಿ ಕ್ಯಾಮೆರಾ ತಾನೇ ತಿರುಗುತ್ತದೆ. ನೋಟ ಅದೇ, ಭಯ ಇಲ್ಲ. 'ಇನ್ನೊಬ್ಬ ಗೇಮ್ ಆಡುವುದನ್ನು ನೋಡಿದ ಹಾಗಿದೆ' ಎಂಬ ಸವಕಲು ಮಾತು ಹುಟ್ಟಿದ್ದು ಇಂಥ ಕಡೆಯೇ. (ಈಗ ಟ್ವಿಚ್, ಯೂಟ್ಯೂಬ್‌ಗಳಲ್ಲಿ ಲಕ್ಷಾಂತರ ಜನ ಇನ್ನೊಬ್ಬರು ಆಡುವುದನ್ನೇ ಗಂಟೆಗಟ್ಟಲೆ ನೋಡುತ್ತಾರೆ. ಹಾಗಾಗಿ ಆ ಬೈಗುಳದ ಮೊನೆಯೂ ಮುರಿದಿದೆ. ನಾವು ಬೇರೆ ಬೈಗುಳ ಹುಡುಕಿಕೊಳ್ಳಬೇಕು.)

ಕೈ ಕಳೆದುಹೋದ ಮೇಲೆ ಏನು ಮಾಡಬಹುದು ಎಂಬುದಕ್ಕೆ 'ದಿ ಲಾಸ್ಟ್ ಆಫ್ ಅಸ್' ಮೊದಲ ಕಂತಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಮನುಷ್ಯರನ್ನು ಮೃಗಗಳಾಗಿಸುವ ಸೋಂಕು ಹಬ್ಬುವ ಕಥೆ ಅದು. 2013ರ ಗೇಮ್ ಶುರುವಾಗುವುದು ಸಾರಾ ಎಂಬ ಹುಡುಗಿಯಿಂದ. ರಾತ್ರಿ ಅಪ್ಪನಿಗೆ ಹುಟ್ಟುಹಬ್ಬದ ಕೈಗಡಿಯಾರ ಕೊಡುತ್ತಾಳೆ, ಮಲಗುತ್ತಾಳೆ, ಫೋನ್ ಸದ್ದಿಗೆ ಎದ್ದು ಕತ್ತಲ ಮನೆಯಲ್ಲಿ ಅಪ್ಪನನ್ನು ಹುಡುಕುತ್ತಾಳೆ. ಆ ನಡಿಗೆ ನಿಮ್ಮದು, ಕಂಟ್ರೋಲರ್ ನಿಮ್ಮ ಕೈಯಲ್ಲಿ. ಕೆಲವೇ ನಿಮಿಷಗಳ ನಂತರ ನೀವು ಅಪ್ಪ ಜೋಯಲ್ ಆಗಿ ಅದೇ ಹುಡುಗಿಯನ್ನು ಎತ್ತಿಕೊಂಡು ಓಡುತ್ತಿರುತ್ತೀರಿ, ಆ ಮೇಲೆ ಅವಳು ಸಾಯುತ್ತಾಳೆ. ಹತ್ತೇ ನಿಮಿಷ ಅವಳಾಗಿ ನಡೆದದ್ದಕ್ಕೆ ಆ ಸಾವು ಹೊಟ್ಟೆಯೊಳಗೆ ಕೈಹಾಕಿ ಹಿಂಡುತ್ತದೆ. ಇದನ್ನು ಹಾಗೆಯೇ ಚಿತ್ರೀಕರಿಸಿದ್ದರೆ ಯಾರೋ ಹುಡುಗಿ ಸತ್ತಳು, ಪಾಪ, ಅಷ್ಟೇ ಆಗುತ್ತಿತ್ತು.

ಕ್ರೇಗ್ ಮೇಜಿನ್ ಮತ್ತು ಗೇಮಿನ ಮೂಲ ಬರಹಗಾರ ನೀಲ್ ಡ್ರಕ್‌ಮನ್ ಸೇರಿ 2023ರ ಸರಣಿಯಲ್ಲಿ ಕೈಯ ಬದಲಿಗೆ ಕೊಟ್ಟದ್ದು ಸಮಯ. ಸಾರಾಳ ಒಂದಿಡೀ ದಿನ. ಬೆಳಗಿನ ತಿಂಡಿಯ ಹರಟೆ, ಶಾಲೆ, ಅಪ್ಪನ ಡ್ರಾಯರ್‌ನಿಂದ ತೆಗೆದ ದುಡ್ಡು, ಗಡಿಯಾರ ರಿಪೇರಿ ಅಂಗಡಿ, ಅಲ್ಲಿ ಅವಸರವಾಗಿ ಬಾಗಿಲು ಹಾಕಿ ಅವಳನ್ನು ಮನೆಗೆ ಕಳಿಸುವ ಹೆಂಗಸು. ಆಮೇಲೆ ಪಕ್ಕದ ಮನೆ. ಸಾರಾ ಡಿವಿಡಿಗಳನ್ನು ನೋಡುತ್ತಾ ನಿಂತಿದ್ದಾಳೆ. ಅವಳ ಬೆನ್ನ ಹಿಂದೆ, ಫೋಕಸ್ ತಪ್ಪಿ ಮಸುಕಾದ ಜಾಗದಲ್ಲಿ, ಗಾಲಿಕುರ್ಚಿಯ ಮುದುಕಿಯ ಮೈ ಸೆಟೆದುಕೊಳ್ಳುತ್ತದೆ, ಬಾಯಿ ಸದ್ದಿಲ್ಲದೆ ತೆರೆದುಕೊಳ್ಳುತ್ತದೆ. ಅವಳು ತಿರುಗಿ ನೋಡುವುದಿಲ್ಲ. ನಮಗೆ ತಿರುಗಿಸಲು ಆಗುವುದಿಲ್ಲ. ಗೇಮಿನಲ್ಲಾಗಿದ್ದರೆ ಕೋಲು ಒತ್ತಿ ತಿರುಗಿಸಿಬಿಡುತ್ತಿದ್ದೆವು. ಆ ಅಸಹಾಯಕತೆಯನ್ನೇ ಸಿನಿಮಾದ ಶಕ್ತಿಯಾಗಿ ಬಳಸಿದ್ದು ಇಲ್ಲಿಯ ಜಾಣ್ಮೆ. ಮೊದಲ ಸೀಸನ್‌ಗೆ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಯ 24 ನಾಮನಿರ್ದೇಶನ ಬಂದವು, 8 ಪ್ರಶಸ್ತಿ ಸಿಕ್ಕವು. ಗೇಮಿನ ಕಥೆ ಎಂದು ಯಾರೂ ಮೂಗು ಮುರಿಯಲಿಲ್ಲ.

ಅದಕ್ಕೂ ಮೊದಲೇ, 2022ರಲ್ಲಿ, 'ಲೀಗ್ ಆಫ್ ಲೆಜೆಂಡ್ಸ್' ಗೇಮಿನ ಲೋಕದಿಂದ ಬಂದ 'ಆರ್ಕೇನ್' ಶ್ರೇಷ್ಠ ಅನಿಮೇಷನ್ ಸರಣಿಯ ಎಮ್ಮಿ ಗೆದ್ದಿತ್ತು. 2024ರ 'ಫಾಲ್‌ಔಟ್' ಯಾವ ಗೇಮಿನ ಕಥೆಯನ್ನೂ ಎತ್ತಿಕೊಳ್ಳದೆ ಅದೇ ಜಗತ್ತಿನಲ್ಲಿ ಹೊಸ ಕಥೆ ಹೇಳಿತು, ವಿಮರ್ಶಕರೂ ಆಟಗಾರರೂ ಒಂದೇ ದನಿಯಲ್ಲಿ ಮೆಚ್ಚಿದರು. ಸಿನಿಮಾಗಳ ಕಡೆ ಬಂದರೆ, ಹಾಲಿವುಡ್‌ನ ದೊಡ್ಡ ಗೇಮ್ ಚಿತ್ರಗಳು 60ರ ಗೆರೆ ದಾಟಲು 2019ರ ತನಕ ಕಾಯಬೇಕಾಯಿತು. 'ಡಿಟೆಕ್ಟಿವ್ ಪಿಕಾಚು' ಮತ್ತು 'ಆಂಗ್ರಿ ಬರ್ಡ್ಸ್' ಎರಡನೇ ಭಾಗ ಅದೇ ವರ್ಷ ದಾಟಿದವು. ಸಾನಿಕ್‌ನ ಮೂರು ಚಿತ್ರಗಳು 2020ರಿಂದ 2024ರವರೆಗೆ ಒಂದಕ್ಕಿಂತ ಒಂದು ಹೆಚ್ಚು ಮೆಚ್ಚುಗೆ ಪಡೆದವು. ಮೊದಲ ಟ್ರೇಲರ್‌ನಲ್ಲಿ ಆ ನೀಲಿ ಮುಳ್ಳುಹಂದಿಗೆ ಮನುಷ್ಯನ ಹಲ್ಲು ಕೂರಿಸಿದ್ದು ನೆನಪಿದೆಯಲ್ಲ? ಅಭಿಮಾನಿಗಳು ರೇಗಿದ ಮೇಲೆ ಬಿಡುಗಡೆ ಮುಂದೂಡಿ ಇಡೀ ಪಾತ್ರವನ್ನು ಹೊಸದಾಗಿ ಬಿಡಿಸಿದರು. 1993ರಲ್ಲಿ ಯಾರು ಕೇಳುತ್ತಿದ್ದರು?

ಇಲ್ಲಿ ನೀವು ಒಂದು ಪಾಟೀಸವಾಲು ಹಾಕಬಹುದು: ಸಿನಿಮಾಗಳು ಸುಧಾರಿಸಿದವೋ, ಅಥವಾ ಗೇಮ್ ಆಡಿ ಬೆಳೆದ ಹೊಸ ವಿಮರ್ಶಕರು ಬಂದದ್ದರಿಂದ ಅಂಕ ಏರಿತೋ? ಒಳ್ಳೆಯ ಪ್ರಶ್ನೆ, ಎರಡೂ ಒಟ್ಟೊಟ್ಟಿಗೇ ಆಗಿರುವುದರಿಂದ ಬಿಡಿಸುವುದು ಕಷ್ಟ. 1985ರಲ್ಲಿ ಮಾರಿಯೊ ಆಡಿದ ಹುಡುಗರಿಗೆ ಈಗ ಐವತ್ತರ ಆಸುಪಾಸು, ಅವರಲ್ಲಿ ಎಷ್ಟೋ ಜನ ಇಂದು ವಿಮರ್ಶೆ ಬರೆಯುತ್ತಾರೆ. ಆದರೂ ನನ್ನ ಓಟು ಸಿನಿಮಾಗಳ ಕಡೆಗೇ. ಯಾಕೆಂದರೆ ಅದೇ ಹೊಸ ತಲೆಮಾರಿನ ವಿಮರ್ಶಕರು 2024ರ 'ಬಾರ್ಡರ್‌ಲ್ಯಾಂಡ್ಸ್'ಗೆ ಮಂಗಳಾರತಿ ಎತ್ತಿದರು. ಕೇಟ್ ಬ್ಲಾಂಚೆಟ್ ಇದ್ದರೂ ಬಿಡಲಿಲ್ಲ. ಮೊದಲ ದಿನ ಥಿಯೇಟರಿನಿಂದ ಹೊರಬರುವವರ ಅಭಿಪ್ರಾಯ ಸಂಗ್ರಹಿಸುವ ಸಿನಿಮಾಸ್ಕೋರ್‌ನಲ್ಲಿ ಪ್ರೇಕ್ಷಕರೇ ಅದಕ್ಕೆ 'ಡಿ ಪ್ಲಸ್' ಕೊಟ್ಟರು. ಅಲ್ಲಿ ಸಾಮಾನ್ಯ ಸಿನಿಮಾಕ್ಕೂ 'ಬಿ' ಸಿಗುತ್ತದೆ ಎಂಬುದು ನೆನಪಿರಲಿ.

ಇನ್ನೊಂದು ಕುತೂಹಲದ ಸಾಕ್ಷಿ. 2014ರಲ್ಲಿ ಬಂದ ಟಾಮ್ ಕ್ರೂಸ್‌ನ 'ಎಡ್ಜ್ ಆಫ್ ಟುಮಾರೊ' ಜಪಾನಿನ ಕಾದಂಬರಿಯೊಂದನ್ನು ಆಧರಿಸಿದ್ದು, ಆದರೆ ಅದರ ವ್ಯಾಕರಣ ಪೂರ್ತಿ ಗೇಮಿನದು. ನಾಯಕ ಸಾಯುತ್ತಾನೆ, ಮತ್ತೆ ಮೊದಲಿನಿಂದ ಶುರು, ಈ ಸಲ ಎರಡು ಹೆಜ್ಜೆ ಮುಂದೆ, ಮತ್ತೆ ಸಾವು. ವಿಮರ್ಶಕರು ಅದನ್ನು ಅಪ್ಪಿಕೊಂಡರು. ಹಾಗೆಯೇ 2021ರ 'ವೇರ್‌ವುಲ್ವ್ಸ್ ವಿದಿನ್' ಎಂಬ ಚಿಕ್ಕ ಹಾಸ್ಯ ಚಿತ್ರ ವರ್ಚುವಲ್ ರಿಯಾಲಿಟಿ ಗೇಮೊಂದರಿಂದ ಬಂದದ್ದು, ವಿಮರ್ಶಕರಲ್ಲಿ 80 ದಾಟಿತು. ಅದು ಗೇಮಿನಿಂದ ಬಂದದ್ದೆಂದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ನೋಡಿ, ನಿಮ್ಮ ವಾದಕ್ಕೆ ಅನುಕೂಲವಾದ ಸಾಕ್ಷಿಯನ್ನೂ ನಾನೇ ಕೊಡುತ್ತಿದ್ದೇನೆ: ಹಣೆಪಟ್ಟಿ ಕಾಣದಿದ್ದಾಗ ಅಂಕ ಏರಿತು ಎಂದು ನೀವು ವಾದಿಸಬಹುದು. ಒಂದೇ ಸಿನಿಮಾ ಇಟ್ಟುಕೊಂಡು ಅಷ್ಟು ದೂರ ಹೋಗಲು ನನಗೆ ಧೈರ್ಯವಿಲ್ಲ, ಆದರೆ ತಳ್ಳಿಹಾಕಲೂ ಆಗದು.

ಕಾಮಿಕ್ಸ್ ಹೋಲಿಕೆಗೆ ಒಂದೇ ಮಾತು. 1997ರ 'ಬ್ಯಾಟ್‌ಮನ್ ಅಂಡ್ ರಾಬಿನ್'ಗೆ ಬಿದ್ದ ಏಟು ಯಾವ ಗೇಮ್ ಸಿನಿಮಾಕ್ಕೂ ಕಡಿಮೆಯದಲ್ಲ. ಹನ್ನೊಂದು ವರ್ಷದ ಮೇಲೆ ಅದೇ ಬ್ಯಾಟ್‌ಮನ್‌ನನ್ನು ಇಟ್ಟುಕೊಂಡು 'ದಿ ಡಾರ್ಕ್ ನೈಟ್' ಮಾಡಿದಾಗ ಹೊಗಳಿಕೆ ಸುರಿಯಿತು. ವಿಮರ್ಶಕರು ಹೊಗಳಿದ್ದು ಕಾಮಿಕ್ಸನ್ನಲ್ಲ.

ಹಾಗಾದರೆ ಈಗಲೂ ಉಳಿದಿರುವ ಪೂರ್ವಗ್ರಹ ಯಾವುದು? ದ್ವೇಷಕ್ಕಿಂತ ಸೋಮಾರಿತನವೇ ಹೆಚ್ಚು. ಕಾದಂಬರಿ ಸಿನಿಮಾ ಆದಾಗ ವಿಮರ್ಶಕ ಕಾದಂಬರಿಯನ್ನು ಓದಿರುತ್ತಾನೆ, ಓದಿರದಿದ್ದರೆ ಓದಿದಂತೆ ನಟಿಸುವಷ್ಟಾದರೂ ನಾಚಿಕೆ ಇರುತ್ತದೆ. ಗೇಮ್ ಸಿನಿಮಾ ಆದಾಗ 'ನಾನು ಆ ಗೇಮ್ ಆಡಿಲ್ಲ' ಎಂದು ಮೊದಲ ಸಾಲಿನಲ್ಲೇ ಹೆಮ್ಮೆಯಿಂದ ಬರೆಯುತ್ತಾನೆ. ನಾನೂ ಬರೆದಿದ್ದೇನೆ. ನಲವತ್ತು ಗಂಟೆಯ ಗೇಮನ್ನು ಒಂದು ವಾರದ ವಿಮರ್ಶೆಗಾಗಿ ಆಡಿ ಮುಗಿಸುವುದು ಆಗದ ಮಾತು ನಿಜ, ಆದರೆ ಎರಡು ಗಂಟೆ ಆಡಬಹುದು. ಆಡಿದ್ದರೆ ಚಿಕನ್ ಜಾಕಿಗೆ ಮಕ್ಕಳು ಯಾಕೆ ಕೂಗಿದರು ಎಂದಾದರೂ ಊಹಿಸಬಹುದಿತ್ತು. ದೃಶ್ಯ ಇಷ್ಟವಾಗಬೇಕೆಂದೇನಿಲ್ಲ. ಗೇಮಿನ ಹಾಗಿದೆ ಎಂಬುದನ್ನು ಬೈಗುಳವಾಗಿ ಬಳಸುವ ಚಾಳಿಯೂ ಪೂರ್ತಿ ಹೋಗಿಲ್ಲ. ಅದು ಕಂಡಲ್ಲೆಲ್ಲ ಆ ಓದುಗರ ಪ್ರಶ್ನೆಯನ್ನೇ ನೀವೂ ಕೇಳಿ.

ಅವರ ಮಾತನ್ನು ಎಷ್ಟು ನಂಬಬೇಕು ಎಂದಿರಿ. ಶೇಕಡಾವಾರು ನೋಡಿ ನಿರ್ಧರಿಸಬೇಡಿ, ಇಬ್ಬರನ್ನು ಓದಿ: ಆ ಗೇಮನ್ನು ಆಡಿದ ಒಬ್ಬ ವಿಮರ್ಶಕ, ಆಡದ ಇನ್ನೊಬ್ಬ. ಆಡದವನು ಬೈದು ಆಡಿದವನು ಮೆಚ್ಚಿದ್ದರೆ ನಿಮ್ಮಂಥ ಆಟಗಾರರು ಧಾರಾಳವಾಗಿ ಟಿಕೆಟ್ ತೆಗೆದುಕೊಳ್ಳಬಹುದು, ಜತೆಗೆ ಬರುವ ಅಮ್ಮನಿಗೆ ಮಾತ್ರ ಮೊದಲೇ ಹೇಳಿಡಿ. ಆಡಿದವನು ಬೈದು ಆಡದವನು ಮೆಚ್ಚಿದ್ದರೆ ಅಮ್ಮನನ್ನು ಮುಂದೆ ಬಿಟ್ಟು ನೀವು ಹಿಂದಿನಿಂದ ಹೋಗಿ. ಇಬ್ಬರೂ ಒಂದೇ ದೃಶ್ಯದ ಬಗ್ಗೆ ಒಂದೇ ದೂರು ಹೇಳುತ್ತಿದ್ದರೆ ಆ ಸಂಜೆ ಮನೆಯಲ್ಲೇ ಕೂತು ಗೇಮ್ ಆಡಿ.